ಪ್ರಿವ್ಯೂ ತಡವರಿಸಿದರೆ ಕಂಪ್ಯೂಟರನ್ನು ಬೈಯಬೇಡಿ
ಮದುವೆ ತಿಂಗಳು ಬಂತೆಂದರೆ ಅರಸೀಕೆರೆ ತಾಲ್ಲೂಕಿನ ಬಾಣಾವರದಂಥ ಊರಿನ ಸ್ಟುಡಿಯೊದವರಿಗೆ ರಾತ್ರಿಯೆಲ್ಲ ಎಡಿಟಿಂಗ್. ಕೂತರೆ ವಿಡಿಯೊ ತಡೆತಡೆದು ಓಡುತ್ತದೆ. ಗಟ್ಟಿಮೇಳ ಮೊಳಗಿ ಮುಗಿದರೂ ತೆರೆಯ ಮೇಲೆ ವರ ಇನ್ನೂ ತಾಳಿ ಹಿಡಿದು ನಿಂತೇ ಇರುತ್ತಾನೆ. ಹೊಸ ಕಂಪ್ಯೂಟರಿಗೆ ಸಾಲ ಮಾಡುವ ಮೊದಲು ಪ್ರಿವ್ಯೂ ಸೆಟ್ಟಿಂಗ್ ನೋಡಿ. 4ಕೆ ಎಂದರೆ ಅಡ್ಡಕ್ಕೆ 3840, ಎತ್ತರಕ್ಕೆ 2160 ಪಿಕ್ಸೆಲ್, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಅಂಥ ಚಿತ್ರವನ್ನು ಸೆಕೆಂಡಿಗೆ 25 ಸಲ ಬಿಚ್ಚಿ ತೋರಿಸು ಎಂದರೆ ಹಳೆಯ ಯಂತ್ರ ಏದುಸಿರು ಬಿಡದೆ ಇನ್ನೇನು ಮಾಡೀತು? ಪ್ರಿವ್ಯೂ ಗುಣಮಟ್ಟವನ್ನು ಅರ್ಧಕ್ಕೊ ಕಾಲುಭಾಗಕ್ಕೊ ಇಳಿಸಿ. ಧಾರೆ ಸೀರೆಯ ಜರಿ ನಿಮ್ಮ ತೆರೆಯಲ್ಲಿ ಮಂಕಾಗಬಹುದು, ಎಕ್ಸ್‌ಪೋರ್ಟ್ ಆದ ವಿಡಿಯೊದಲ್ಲಿ ಆಗುವುದಿಲ್ಲ. ಅಷ್ಟಕ್ಕೂ ಬಗ್ಗದಿದ್ದರೆ ಪ್ರಾಕ್ಸಿ ಇದೆ: ಮೂಲ ಫೈಲಿನ ಹಗುರ ನಕಲಿನ ಮೇಲೆ ಕತ್ತರಿ ಆಡಿಸಿ, ಕೊನೆಗೆ ಮೂಲದಿಂದಲೇ ವಿಡಿಯೊ ಹೊರತೆಗೆಯುವುದು. ಎಡಿಟಿಂಗ್ ತಂತ್ರಾಂಶಗಳಲ್ಲಿ ಕೆಡೆನ್‌ಲೈವ್ ಪೂರ್ತಿ ಉಚಿತ, ಡಾವಿಂಚಿ ರಿಸಾಲ್ವ್‌ಗೂ ಉಚಿತ ಆವೃತ್ತಿಯಿದೆ. ಎರಡರಲ್ಲೂ ಈ ಸೌಲಭ್ಯ ಉಂಟು. ಟೈಮ್‌ಲೈನಿನ ಫ್ರೇಮ್ ರೇಟನ್ನು ಮಾತ್ರ ಕೆಲಸ ಶುರುವಾಗುವ ಮೊದಲೇ ಗೊತ್ತುಮಾಡಿಕೊಳ್ಳಿ. ನಿಮ್ಮ ಕ್ಯಾಮೆರಾದ್ದು ಸೆಕೆಂಡಿಗೆ 25 ಫ್ರೇಮ್, ಸೋದರಮಾವನ ಮೊಬೈಲಿನದು 30. ಯೋಚಿಸದೆ ಬೆರೆಸಿದರೆ ಮೊಬೈಲಿನಲ್ಲಿ ಹಿಡಿದ ಮೆರವಣಿಗೆ ಕುಂಟುತ್ತದೆ. ರಿಸಾಲ್ವ್ ಅಂತೂ ಕ್ಲಿಪ್ ಒಳತಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಮುಟ್ಟಲು ಬಿಡುವುದೇ ಇಲ್ಲ. ಇನ್ನು ಪ್ರಾಕ್ಸಿ ಬಳಸಿದವರು ಎಕ್ಸ್‌ಪೋರ್ಟ್ ಗುಂಡಿ ಒತ್ತುವ ಮುನ್ನ, ಪ್ರಾಕ್ಸಿಯಿಂದಲೇ ರೆಂಡರ್ ಮಾಡುವ ಆಯ್ಕೆಗೆ ಟಿಕ್ ಬಿದ್ದಿದೆಯೇ ಎಂದು ಒಮ್ಮೆ ನೋಡಿ, ಬಿದ್ದಿದ್ದರೆ ತೆಗೆದುಬಿಡಿ.