ಡಿಕ್ಕಿಯಲ್ಲಿ ತೆಂಗಿನಕಾಯಿ, ಎದುರಿನವರ ಕಣ್ಣಿಗೆ ಬೆಳಕು



ಹೋದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟನ್ನು ಹದ ಮಾಡುವ ಬಗೆ ಬರೆದಿದ್ದೆ. ಈ ಸಲ ಕಾರಿನ ದೀಪದ ವಿಷಯ. "ಇದೇನಪ್ಪ, ಈಕೆ ಒಲೆ ಬಿಟ್ಟು ಗ್ಯಾರೇಜಿಗೆ ಹೊರಟಳಲ್ಲ" ಎಂದು ಪುಟ ಮಗುಚಬೇಡಿ. ಕಾರು ಓಡಿಸುವ ಹೆಂಗಸರು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಎಷ್ಟೋ ಜನ ಇದ್ದಾರೆ. ಓಡಿಸದಿದ್ದರೂ ಪಕ್ಕದಲ್ಲಿ ಕೂರುವವರು ನಾವು. ಊರಿಂದ ಹೊರಡುವಾಗ ಡಿಕ್ಕಿಗೆ ಸಾಮಾನು ತುಂಬುವವರಂತೂ ನಾವೇ. ಡಿಕ್ಕಿಗೂ ದೀಪಕ್ಕೂ ಏನು ಸಂಬಂಧ ಅನ್ನುತ್ತೀರಾ? ನನಗೂ ಗೊತ್ತಿರಲಿಲ್ಲ. ಗೊತ್ತಾದ ಬಗೆಯನ್ನೇ ಹೇಳುತ್ತೇನೆ.

ನಾನು ಕಾರು ಕಲಿತದ್ದು ಮೂರು ವರ್ಷದ ಹಿಂದೆ, ನಲವತ್ತೆರಡು ತುಂಬಿದ ಮೇಲೆ. ನಮ್ಮ ಯಜಮಾನರಿಗೆ ಕಣ್ಣಿನಲ್ಲಿ ಪೊರೆ ಶುರುವಾಗಿ, ರಾತ್ರಿ ಹೊತ್ತು ಎದುರಿನ ದೀಪದ ಸುತ್ತ ಪ್ರಭಾವಳಿ ಕಾಣುತ್ತಿತ್ತು. ಡಾಕ್ಟರು ಕತ್ತಲಲ್ಲಿ ಗಾಡಿ ಓಡಿಸಬೇಡಿ ಎಂದರು. ಆಮೇಲೆ ರಾತ್ರಿಯ ಡ್ರೈವರ್ ಕೆಲಸ ನನ್ನ ಪಾಲಿಗೆ ಬಂತು. ಕಲಿಸಿದ ಮೇಷ್ಟ್ರು ಕ್ಲಚ್ಚು, ಗೇರು, ರಿವರ್ಸು ಎಲ್ಲ ಹೇಳಿಕೊಟ್ಟರು. ಪಾಠವೆಲ್ಲ ಬೆಳಿಗ್ಗೆ ಆರರಿಂದ ಏಳು. ದೀಪದ ಮಾತೇ ಬರಲಿಲ್ಲ!

ಕಳೆದ ತಿಂಗಳು ಪಾಂಡವಪುರದಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಮುಗಿಸಿಕೊಂಡು ಕೃಷ್ಣರಾಜಪೇಟೆ ರಸ್ತೆಯಲ್ಲಿ ವಾಪಸು ಹೊರಟಾಗ ರಾತ್ರಿ ಎಂಟೂವರೆ. ಹಿಂದಿನ ಸೀಟಿನಲ್ಲಿ ಅತ್ತೆ, ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಅರ್ಧ ಮೂಟೆ ಅಕ್ಕಿ, ಹತ್ತು ಕಿಲೋ ಬೆಲ್ಲ, ಮೂವತ್ತು ತೆಂಗಿನಕಾಯಿ. ನಾದಿನಿ ಕೊಟ್ಟದ್ದನ್ನು ಬೇಡ ಅನ್ನಲಾದೀತೇ?

ದಾರಿಯುದ್ದಕ್ಕೂ ಎದುರು ಬಂದವರೆಲ್ಲ ನನಗೆ ದೀಪ ಮಿಣುಕಿಸುವವರೇ. ಬೈಕಿನವನು, ಟೆಂಪೊದವನು, ಎಲ್ಲರೂ. ನನ್ನದು ಡಿಮ್ಮಿನಲ್ಲೇ ಇತ್ತು. ಹೈಬೀಮ್ ಹಾಕಿದರೆ ಮುಂದಿನ ಫಲಕದಲ್ಲಿ ನೀಲಿ ಗುರುತು ಹೊತ್ತಿಕೊಳ್ಳುತ್ತದೆ. ಅದು ಹೊತ್ತಿರಲಿಲ್ಲ, ಎರಡೆರಡು ಸಲ ನೋಡಿದೆ. ಹೆಂಗಸು ಓಡಿಸುತ್ತಿದ್ದಾಳೆ ಅಂತ ಕೀಟಲೆ ಮಾಡುತ್ತಿದ್ದಾರೆ ಎಂದುಕೊಂಡೆ. ಸಿಟ್ಟು ಒಳಗೊಳಗೇ ಹಾಲಿನ ಹಾಗೆ ಉಕ್ಕುತ್ತಿತ್ತು. ಅಷ್ಟರಲ್ಲಿ ಒಂದು ಬಸ್ಸು ಬಂತು. ಅದರವನೂ ಎರಡು ಸಲ ಮಿಣುಕಿಸಿ, ಆಮೇಲೆ ಫುಲ್ ಲೈಟನ್ನು ಮುಖಕ್ಕೆ ಬಿಟ್ಟೇಬಿಟ್ಟ. "ತಾನೇ ಇಂಥ ಲೈಟು ಹಾಕಿಕೊಂಡು ನನಗೆ ಹೇಳಕ್ಕೆ ಬರ್ತಾನೆ" ಎಂದು ನಾನೂ ಕಡ್ಡಿಯನ್ನು ಮುಂದಕ್ಕೆ ತಳ್ಳಿ ಹೈಬೀಮ್ ಹಾಕಿದೆ. "ಬಿಡೇ, ನಿಧಾನ ಮಾಡು" ಎಂದರು ಯಜಮಾನರು. ನಾನು ಕೇಳಲಿಲ್ಲ.

ಬಸ್ಸು ದಾಟಿತು. ಕಣ್ಣೆದುರು ಬರೀ ಕಪ್ಪು. "ಗಾಡೀ!" ಎಂದು ಅವರು ಕೂಗಿದ್ದಕ್ಕೇ ಬ್ರೇಕ್ ಒತ್ತಿದ್ದು. ಕಾರು ನಿಂತಾಗ ಮುಂದೆ ಎರಡು ಮಾರು ದೂರದಲ್ಲಿ ಕಬ್ಬಿನ ಎತ್ತಿನ ಗಾಡಿ. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಕಬ್ಬಿನ ಹೇರಿನ ಮೇಲೆ ಕಂಬಳಿ ಹೊದ್ದು ಒಬ್ಬ ಹುಡುಗ ಕೂತಿದ್ದ, ನನ್ನ ಚಿಕ್ಕವನ ವಾರಿಗೆಯವನು. ಗಾಡಿ ಹೊಡೆಯುತ್ತಿದ್ದ ಅಜ್ಜ ಇಳಿದು ಬಂದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದ್ದೆ. "ಯಾಕವ್ವಾ, ಎದುರ್ಗಿಂದ ಅವ್ನು ಬುಟ್ಟ, ಹಿಂದ್ಗಿಂದ ನೀನೂ ಬುಟ್ಟೆ. ನನ್ ಎತ್ಗೋಳು ಎತ್ಲಾಗ್ ಹೋಗ್ಬೇಕು?" ಎಂದರು, ಅಷ್ಟೇ. ನನಗೆ ಉತ್ತರ ಹೊರಡಲಿಲ್ಲ. ಗಾಡಿಗೆ ದೀಪ ಇರಬೇಕಿತ್ತು, ನಿಜ. ಆದರೆ ಆ ಮಾತನ್ನು ಆಗ ಆಡಲು ನನಗೆ ಯಾವ ಬಾಯಿ?

ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಜೋರು ಬೆಳಕು ಕಣ್ಣಿಗೆ ಹೊಡೆದರೆ ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡಾದರೂ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಎರಡೇ ಸೆಕೆಂಡು ಎಂದರೂ 33 ಮೀಟರನ್ನು ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ನಾನು ಹೈಬೀಮ್ ಹಾಕಿದ್ದರಿಂದ ನನಗೇನೂ ಹೆಚ್ಚು ಕಾಣಲಿಲ್ಲ. ಬಸ್ಸಿನವನಿಗೂ ಕಾಣದ ಹಾಗೆ ಮಾಡಿದೆ, ಅಷ್ಟೆ. ಒಳಗೆ ಎಷ್ಟು ಜನರಿದ್ದರೋ!

ಮರುದಿನ ಗ್ಯಾರೇಜಿಗೆ ಹೋಗಿ, ಡಿಮ್ಮಿನಲ್ಲಿದ್ದರೂ ಜನ ಯಾಕೆ ಮಿಣುಕಿಸುತ್ತಾರೆ ಎಂದು ಕೇಳಿದೆ. ಅಲ್ಲಿಯ ಹುಡುಗ ನಕ್ಕು, "ಆಂಟಿ, ಡಿಕ್ಕಿಯಲ್ಲಿ ಏನಿತ್ತು?" ಎಂದ. ಹಿಂದೆ ಭಾರ ಬಿದ್ದರೆ ಕಾರಿನ ಹಿಂಭಾಗ ತಗ್ಗುತ್ತದೆ, ಮೂತಿ ಮೇಲೇಳುತ್ತದೆ. ರಸ್ತೆ ನೋಡಬೇಕಾದ ಡಿಮ್ ದೀಪ ಎದುರಿನವರ ಮುಖ ನೋಡುತ್ತದೆ. ಹಿಂದೆ ಬರೀ 4 ಸೆಂಟಿಮೀಟರ್ ತಗ್ಗಿದರೂ 30 ಮೀಟರ್ ದೂರದಲ್ಲಿ ಬೆಳಕು ಸುಮಾರು ಅರ್ಧ ಮೀಟರ್ ಮೇಲೆ ಹೋಗುತ್ತದಂತೆ. ಪಾಪ, ಅವರೆಲ್ಲ ಮಿಣುಕಿಸಿದ್ದು ಕೀಟಲೆಗಲ್ಲ!

ಇದಕ್ಕೆಂದೇ ಎಷ್ಟೋ ಕಾರುಗಳಲ್ಲಿ ಸ್ಟೇರಿಂಗಿನ ಬಲಗಡೆ ಒಂದು ಪುಟ್ಟ ತಿರುಗಣೆ ಇರುತ್ತದೆ, 0, 1, 2, 3 ಎಂದು ಅಂಕಿ ಬರೆದು. ಒಬ್ಬರೇ ಹೋಗುವಾಗ ಸೊನ್ನೆ. ಹಿಂದೆ ಜನ, ಸಾಮಾನು ತುಂಬಿದಷ್ಟೂ ದೊಡ್ಡ ಅಂಕಿ, ಬೆಳಕು ಅಷ್ಟು ಕೆಳಗೆ. ಮೂರು ವರ್ಷದಿಂದ ಅದು ನನ್ನ ಮೊಣಕಾಲ ಹತ್ತಿರವೇ ಇತ್ತು. ನಾನು ಅದನ್ನು ಎ.ಸಿ.ಗೆ ಸಂಬಂಧಿಸಿದ್ದು ಎಂದುಕೊಂಡಿದ್ದೆ! ನಂಬಿಕೆಯಾಗಲಿಲ್ಲವೆಂದು ಅವತ್ತು ಸಂಜೆ ಕಾಂಪೌಂಡ್ ಗೋಡೆಯಿಂದ ಐದು ಮೀಟರ್ ದೂರ ಕಾರು ನಿಲ್ಲಿಸಿ, ಡಿಮ್ ದೀಪದ ಮೇಲಂಚು ಗೋಡೆಯ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಗನನ್ನೂ ಅವನ ಗೆಳೆಯನನ್ನೂ ಡಿಕ್ಕಿಯ ಅಂಚಿನಲ್ಲಿ ಕೂರಿಸಿದೆ. ಬೆಳಕು ಗೆರೆ ಬಿಟ್ಟು ನಾಲ್ಕು ಬೆರಳು ಮೇಲೆ ಹೋಯಿತು. ತಿರುಗಣೆ ತಿರುಗಿಸಿದೆ, ಇಳಿದು ಬಂತು. ನೀವೂ ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ತಿರುಗಣೆ ಇಲ್ಲದ ಕಾರಾದರೆ ಸಾಮಾನು ಕಡಿಮೆ ಮಾಡಿ, ಭಾರದ ಚೀಲಗಳನ್ನು ಮುಂದಿನ ಸೀಟಿನ ಹತ್ತಿರಕ್ಕೆ ಇಡಿ.

ನಾವು ಚಿಕ್ಕವರಿದ್ದಾಗ ಲಾರಿ, ಅಂಬಾಸಡರ್ ಟ್ಯಾಕ್ಸಿಗಳ ದೀಪದ ಗಾಜಿಗೆ ಕಪ್ಪು ಬೊಟ್ಟು ಇಟ್ಟಿರುತ್ತಿದ್ದರಲ್ಲ, ನೆನಪಿದೆಯೇ? ಅದು ದೃಷ್ಟಿ ತಾಗದಿರಲಿ ಎಂದು ಇಟ್ಟದ್ದು ಅಂತ ನನ್ನ ಕಲ್ಪನೆ. ಅದೂ ಎದುರಿನವರ ಕಣ್ಣು ಕೋರೈಸದಿರಲು ಎಂದು ಈಗ ತಿಳಿಯಿತು.

ಇನ್ನು ಎದುರಿನವನು ಡಿಮ್ ಮಾಡದೇ ಬಂದರೆ? ನಮ್ಮಲ್ಲಿ ಅಂಥವರಿಗೆ ಬರವಿಲ್ಲ. ಒಂದು ಸಲ ಮಿಣುಕಿಸಿ, ಕೇಳದಿದ್ದರೆ ಬಿಟ್ಟುಬಿಡಿ. ವೇಗ ತಗ್ಗಿಸಿ, ಅವನ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚು ನೋಡಿ. ನಮ್ಮ ದೇಶದ ಕಾರುಗಳಲ್ಲಿ ಡಿಮ್ ದೀಪದ ಬೆಳಕು ಎಡಕ್ಕೆ ಸ್ವಲ್ಪ ಮುಂದೆ ಚಾಚಿರುತ್ತದೆ, ನಡೆಯುವವರೂ ಗಾಡಿಗಳೂ ಇರುವುದು ಅಲ್ಲೇ. ಎದುರಿನವನು ಮಿಣುಕಿಸಿದರೆ "ನೀವು ಹೋಗಿ" ಎಂಬ ಮರ್ಯಾದೆ ಎಂದು ತಿಳಿಯಬೇಡಿ. ನಮ್ಮ ರಸ್ತೆಗಳಲ್ಲಿ ಅದಕ್ಕೆ "ನಾನು ಬರ್ತಿದ್ದೀನಿ, ನಿಲ್ಲು" ಎಂದೇ ಹೆಚ್ಚಾಗಿ ಅರ್ಥ. ಮುಂದೆ ಹೋಗುವ ಗಾಡಿಯ ಬೆನ್ನಿಗೂ ಹೈಬೀಮ್ ಬಿಡಬಾರದು, ಕನ್ನಡಿಯಲ್ಲಿ ಅವರ ಕಣ್ಣಿಗೆ ಹೊಡೆಯುತ್ತದೆ. ಎದುರು ಮುಂದೆ ಯಾರೂ ಇಲ್ಲದ ಕತ್ತಲೆ ರಸ್ತೆಯಲ್ಲಿ ಮಾತ್ರ ಧಾರಾಳವಾಗಿ ಹಾಕಿಕೊಳ್ಳಿ, ಅದಿರುವುದೇ ಅದಕ್ಕೆ.

ಶಿರಾಡಿ, ಚಾರ್ಮಾಡಿ ಘಾಟಿಯ ಮಳೆ ಮಂಜಿನಲ್ಲಿ ಹೈಬೀಮ್ ಹಾಕಿದರೆ ನೀರಿನ ಹನಿಗಳಿಗೆ ತಾಗಿ ಬೆಳಕು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಬಿಳಿ ಪರದೆ ಕಟ್ಟಿದ ಹಾಗೆ. ಅಲ್ಲಿ ಡಿಮ್ಮೇ ಸರಿ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸುವುದೊಂದು ಹೊಸ ಫ್ಯಾಷನ್. ಆಗ ನೀವು ತಿರುಗುವುದು ಯಾರಿಗೂ ತಿಳಿಯುವುದಿಲ್ಲ. ಅದು ಕೆಟ್ಟು ನಿಂತ ಗಾಡಿಗೆ.

ಸಂಜೆ ಯಾವಾಗ ಹಚ್ಚಬೇಕು? 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರ, ಜೊತೆಗೆ ಸಾಕಷ್ಟು ಬೆಳಕಿಲ್ಲದ ಯಾವ ಹೊತ್ತಿನಲ್ಲೂ. ನನ್ನ ಲೆಕ್ಕ ಸುಲಭ, ಮನೆಯಲ್ಲಿ ದೇವರಿಗೆ ದೀಪ ಹಚ್ಚುವ ಹೊತ್ತೇ ಕಾರಿಗೂ. ಹೊಸ ಕಾರಿನವರಿಗೆ ಒಂದು ಮಾತು. ಹಗಲಲ್ಲೂ ತಾನಾಗಿ ಉರಿಯುವ ಮುಂದಿನ ಸಣ್ಣ ದೀಪ ನೋಡಿ "ಲೈಟು ಇದೆಯಲ್ಲ" ಎಂದು ಹೊರಟುಬಿಡಬೇಡಿ. ಎಷ್ಟೋ ಕಾರುಗಳಲ್ಲಿ ಆಗ ಹಿಂದಿನ ಕೆಂಪು ದೀಪ ಉರಿಯುವುದೇ ಇಲ್ಲ.

ನಮ್ಮ ಭಾವನವರ ಮಗ ಹಳೆಯ ಬಲ್ಬು ಕಿತ್ತು ಅಂಗಡಿಯ ಬಿಳಿ ಎಲ್.ಇ.ಡಿ. ಹಾಕಿಸಿಕೊಂಡಿದ್ದಾನೆ. ಹಳೆಯ ಬಲ್ಬಿಗೆಂದು ಮಾಡಿದ ದೀಪದ ಬಟ್ಟಲಲ್ಲಿ ಅದು ಬೆಳಕನ್ನು ಸಿಕ್ಕಾಪಟ್ಟೆ ಚೆಲ್ಲುತ್ತದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಇಂಥ ದೀಪಗಳ ಮೇಲೆ ಕೇಸು ಹಾಕಲು ಹೊರಟಾಗ ತೆಗೆಸಿದ್ದ, ಮತ್ತೆ ಹಾಕಿಸಿದ್ದಾನೆ. ಹೇಳಿದರೆ, "ಚಿಕ್ಕಮ್ಮಾ, ನಿಮಗೆ ಗೊತ್ತಾಗಲ್ಲ" ಅನ್ನುತ್ತಾನೆ. ಆ ಅಜ್ಜನ ಗಾಡಿಯ ಹಿಂದೆ ಒಂದು ರಾತ್ರಿ ಇವನನ್ನು ಕೂರಿಸಬೇಕು ಅನ್ನಿಸುತ್ತದೆ.

ದೀಪ ಒರೆಸುವುದು ನಮಗೆ ಹೇಳಿಕೊಡಬೇಕಾದ ಕೆಲಸವಲ್ಲ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಗಾಜು ಹಳದಿಯಾಗಿದ್ದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಕೆಲವು ದಿನ ತಿಳಿಯಾಗುತ್ತದೆ, ಶಾಶ್ವತವಲ್ಲ. ಮುಂದಿನ ದೊಡ್ಡ ಗಾಜಿನ ಒಳಮೈಯನ್ನೂ ಒರೆಸಿ, ಎದುರಿನ ಬೆಳಕು ಹರಡುವುದು ಅಲ್ಲಿನ ಜಿಡ್ಡಿನಲ್ಲೇ.

ಮೊನ್ನೆ ಮತ್ತೆ ಪಾಂಡವಪುರಕ್ಕೆ ಹೋಗಿದ್ದೆವು. ವಾಪಸು ಹೊರಡುವಾಗ ನಾದಿನಿ ಅದೇ ಹಳೇ ಕಥೆ, ಅಕ್ಕಿ, ಕಾಯಿ, ಜೊತೆಗೆ ಈ ಸಲ ಹಲಸಿನಹಣ್ಣು. ನಾನು ಸೀಟಿಗೆ ಬಂದು ಕೂರುವಷ್ಟರಲ್ಲಿ ಯಜಮಾನರು ಬಲಗಡೆ ಕೈ ಹಾಕಿ ತಿರುಗಣೆಯನ್ನು ಮೂರಕ್ಕೆ ಇಟ್ಟಿದ್ದರು. ದಾರಿಯಲ್ಲಿ ಒಬ್ಬರೂ ಮಿಣುಕಿಸಲಿಲ್ಲ. ಹಲಸಿನಹಣ್ಣಿನ ಕಡುಬು ಮುಂದಿನ ಸಂಚಿಕೆಗೆ.