ರಿಯಾಯಿತಿ ದರದಲ್ಲಿ ಮುಗಿಯದ ಲೆಕ್ಕ

ಜುಮಾ ನಮಾಝ್ ಮುಗಿಸಿ ಮಸ್ಜಿದ್‌ನ ಅಂಗಳಕ್ಕೆ ಬಂದಾಗ ಪರಿಚಿತ ಯುವಕನೊಬ್ಬ ಮೊಬೈಲ್ ತೋರಿಸಿ ಹಿಗ್ಗಿದ. ಅವನ ಬೈಕಿನ ಮೇಲೆ ಒಂಬತ್ತು ದಂಡಗಳು ಬಾಕಿಯಿದ್ದವಂತೆ. ಸರಕಾರ ಅರ್ಧದಷ್ಟನ್ನು ಮನ್ನಾ ಮಾಡಿದ್ದರಿಂದ ಎಲ್ಲವನ್ನೂ ಒಮ್ಮೆಗೇ ಕಟ್ಟಿ ‘ಹಿಸಾಬ್ ಸಾಫ್’ ಮಾಡಿಕೊಂಡನಂತೆ. ಸುತ್ತಲಿದ್ದವರು ‘ಮಾಶಾ ಅಲ್ಲಾಹ್’ ಎಂದರು. ಆ ಒಂಬತ್ತರಲ್ಲಿ ಐದು ಅತಿವೇಗದವು. ಯಾವ ಬೀದಿಯಲ್ಲಿ, ಯಾರ ಮಕ್ಕಳು ಓಡಾಡುವ ಹೊತ್ತಿನಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಮೌನದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಾಕಿ ಸಂಚಾರ ದಂಡಕ್ಕೆ ಶೇಕಡಾ 50 ರಿಯಾಯಿತಿ ಘೋಷಿಸಿದಾಗ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮಿಗಿಲಾದ ಹಣ ಖಜಾನೆ ಸೇರಿತು. ರಿಯಾಯಿತಿ ಬಳಿಕವೂ ಮರುಕಳಿಸಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಬಂತು. ಹಬ್ಬದ ಬಟ್ಟೆಯಂತೆ ಅಪರಾಧವೂ ಅರ್ಧ ಬೆಲೆಗೆ ದೊರೆಯುವುದಾದರೆ ಬುದ್ಧಿವಂತನು ಮುಂದಿನ ಮಾರಾಟಕ್ಕೆ ಕಾಯುತ್ತಾನೆ. ಈ ವಿಷಯದಲ್ಲಿ ಸರಕಾರವನ್ನು ಸಮರ್ಥಿಸುವ ಇಚ್ಛೆ ನನಗಿಲ್ಲ. ಆಟೋ ಓಡಿಸಿ ಬದುಕುವವನಿಗೂ ಐಷಾರಾಮಿ ಕಾರಿನ ಒಡೆಯನಿಗೂ ಒಂದೇ ದಂಡ ವಿಧಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ಇದೆ. ಫಿನ್‌ಲ್ಯಾಂಡ್‌ನಲ್ಲಿ ಗಂಭೀರ ಅತಿವೇಗದ ದಂಡವನ್ನು ತಪ್ಪಿತಸ್ಥನ ಆದಾಯಕ್ಕೆ ತಕ್ಕಂತೆ ನಿಗದಿಪಡಿಸುತ್ತಾರೆ; ನಮ್ಮಲ್ಲಿ ಶ್ರೀಮಂತನಿಗೆ ಅದು ಒಂದು ಊಟದ ಬಿಲ್ಲು.

ಆದರೆ ದಂಡ ವಸೂಲಿ ಮಾಡುವವನ ತಪ್ಪು ದಂಡ ತೆರುವವನ ಪಾಪವನ್ನು ತೊಳೆಯುವುದಿಲ್ಲ. ‘ಇದೆಲ್ಲ ಸರಕಾರದ ಸುಲಿಗೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಕೇಳಿಬರುತ್ತದೆಂದರೆ, ಸುಲಿಗೆಗೆ ಒಳಗಾದವರು ಬೈಕ್ ಸವಾರರೇ ಹೊರತು ರಸ್ತೆ ದಾಟುತ್ತಿದ್ದ ಅಜ್ಜಿಯಲ್ಲ ಎಂಬಂತಿರುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಸತ್ತರು. ಈ ಸಾವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನವಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ.

ಜನವಸತಿಯ ಬೀದಿಯಲ್ಲಿ ವೇಗವೆಂದರೆ ಏನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು, ಚಾಲಕನು ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡರೆ, ಒಣ ರಸ್ತೆಯಲ್ಲಿ ಸುಮಾರು 13 ಮೀಟರ್ ಒಳಗೆ ನಿಲ್ಲುತ್ತದೆ. 60ರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಅದು ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಮದ್ರಸದಿಂದ ಹೊರಬಂದ ಮಗುವೊಂದು ಹದಿಮೂರು ಮೀಟರ್ ಮುಂದೆ ರಸ್ತೆಗಿಳಿದರೆ, ಮೊದಲನೆಯ ಕಾರು ಅದರ ಮುಂದೆ ನಿಂತಿರುತ್ತದೆ. ಎರಡನೆಯದರ ಚಾಲಕ ಇನ್ನೂ ಬ್ರೇಕ್ ಮುಟ್ಟಿರುವುದೇ ಇಲ್ಲ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ. ಜನರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ 30 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ.

ರಮಝಾನಿನಲ್ಲಿ ಮಗ್ರಿಬ್‌ಗೆ ಮುಂಚಿನ ಹತ್ತು ನಿಮಿಷ ನಮ್ಮ ಮೊಹಲ್ಲಾಗಳ ರಸ್ತೆಯಲ್ಲಿ ನಿಂತು ನೋಡಿರಿ. ಹಗಲೆಲ್ಲ ಅಲ್ಲಾಹನಿಗಾಗಿ ಹಸಿವು ಸಹಿಸಿದವನು ಒಂದು ಖರ್ಜೂರಕ್ಕಾಗಿ ಹಾರ್ನ್ ಬಾರಿಸುತ್ತಾ ಗಲ್ಲಿಯಲ್ಲಿ ನುಗ್ಗುತ್ತಾನೆ. ಜಮಾಅತ್ ತಪ್ಪುತ್ತದೆಂಬ ನೆಪವೂ ಇದೆ. ಇಕಾಮತ್ ಕೇಳಿಸಿದರೂ ಓಡಿಬರಬೇಡಿ, ಶಾಂತಿ ಗಾಂಭೀರ್ಯಗಳಿಂದ ನಡೆದುಬನ್ನಿ, ಸಿಕ್ಕಷ್ಟನ್ನು ನಿರ್ವಹಿಸಿ, ತಪ್ಪಿದ್ದನ್ನು ಪೂರ್ಣಗೊಳಿಸಿ ಎಂದು ಪ್ರವಾದಿ(ಸ)ರು ಕಲಿಸಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ವರದಿ ಮಾಡಿವೆ. ಕಾಲ್ನಡಿಗೆಯ ಧಾವಂತವನ್ನೇ ತಡೆದವರ ಅನುಯಾಯಿಗಳು ನೂರೈವತ್ತು ಸಿಸಿಯ ಎಂಜಿನ್ ಏರಿ ನಮಾಝ್‌ಗೆ ಧಾವಿಸುತ್ತಿದ್ದೇವೆ! ದಾರಿಯಿಂದ ತೊಡಕನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂಬ ಹದೀಸನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ದಾರಿಯ ತೊಡಕು ನಾವೇ ಆಗಿರುವುದು ಕಾಣುವುದಿಲ್ಲ.

ಸಂಚಾರ ನಿಯಮ ‘ದುನಿಯಾ’ದ ವಿಷಯ, ದೀನ್‌ಗೆ ಸಂಬಂಧಿಸಿದ್ದಲ್ಲ ಎನ್ನುವವರಿದ್ದಾರೆ. 1993ರಲ್ಲಿ ಬ್ರೂನೈಯಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಇದನ್ನೇ ಚರ್ಚಿಸಿ, ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳ ಪಾಲನೆ ಧಾರ್ಮಿಕ ಕರ್ತವ್ಯವೆಂದು ತೀರ್ಮಾನಿಸಿದ್ದಾರೆ. ಇನ್ನು ಕೆಲವರು ‘ತಕ್ದೀರ್’ ಎಂದು ಕೈ ಚೆಲ್ಲುತ್ತಾರೆ. ಶಾಮ್‌ನಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಹಝ್ರತ್ ಉಮರ್(ರ) ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುವಿರಾ ಎಂಬ ಪ್ರಶ್ನೆ ಅವರಿಗೂ ಎದುರಾಗಿತ್ತು. ಹೌದು, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಎಂಬರ್ಥದಲ್ಲಿ ಅವರು ಉತ್ತರಿಸಿದರು. ಬ್ರೇಕ್ ಕೂಡ ಆತನ ವಿಧಿಯೇ.

ಹದಿನಾರು ವರ್ಷದ ಮಗನಿಗೆ ಬೈಕಿನ ಕೀಲಿ ಕೊಟ್ಟು ಹೆಮ್ಮೆಪಡುವ ತಂದೆಯಂದಿರಿಗೆ ಕಾನೂನಿನ ಒಂದು ಸಂಗತಿ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಪ್ರಾಪ್ತನು ಅಪರಾಧವೆಸಗಿದರೆ ಪೋಷಕ ಅಥವಾ ವಾಹನದ ಒಡೆಯನಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸನ್ಸ್ ಇಲ್ಲ. ಅಕ್ಕಪಕ್ಕದ ಅಂಗಡಿಯಿಂದ ಹಾಲು ತರಲು ಕಳುಹಿಸಿದ್ದೆ ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ.

ಸರಕಾರದ ಲೆಕ್ಕ ಇಷ್ಟು. ಇನ್ನೊಂದು ಲೆಕ್ಕ ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೆಯ ಸೂಕ್ತದಲ್ಲಿದೆ. ಅರಿಯದೆ ಒಬ್ಬ ವಿಶ್ವಾಸಿಯ ಸಾವಿಗೆ ಕಾರಣನಾದವನು ಮೃತನ ಮನೆಯವರಿಗೆ ರಕ್ತ ಪರಿಹಾರ ಸಲ್ಲಿಸಬೇಕು, ಗುಲಾಮನನ್ನು ವಿಮೋಚಿಸಬೇಕು, ಅದಕ್ಕೆ ಅವಕಾಶವಿಲ್ಲದವನು ನಿರಂತರವಾಗಿ ಎರಡು ತಿಂಗಳು ಉಪವಾಸ ಆಚರಿಸಬೇಕು. ಮನೆಯವರು ಪರಿಹಾರವನ್ನು ಬಿಟ್ಟುಕೊಡಬಹುದು. ಉಪವಾಸವನ್ನು ಬಿಟ್ಟುಕೊಡುವ ಅಧಿಕಾರ ಅವರಿಗಿಲ್ಲ, ಅದು ದಾಸನಿಗೂ ಅಲ್ಲಾಹನಿಗೂ ನಡುವಿನ ಬಾಕಿ. ವಿಮಾ ಕಂಪೆನಿ ಹಣ ಕೊಟ್ಟಿತು, ನ್ಯಾಯಾಲಯದಲ್ಲಿ ಕೇಸ್ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟವರು ನಮ್ಮ ನಡುವೆಯೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ಈ ಅರವತ್ತು ದಿನಗಳ ವಿಷಯವನ್ನು ನಮ್ಮ ಖತೀಬರು, ನಮ್ಮ ಜಮಾಅತ್ ಕಮಿಟಿಗಳು, ಅಥವಾ ಅಂಗಳದಲ್ಲಿ ನಿಂತು ‘ಮಾಶಾ ಅಲ್ಲಾಹ್’ ಎಂದ ನಾವು ತಿಳಿಸಿದ್ದೇವೆ?