ಇವತ್ತು ಎಷ್ಟು ಪದ?

ರಾತ್ರಿ ಹತ್ತೂವರೆಗೆ ಮಗಳು ಮಲಗಿ, ಅಡುಗೆಕಟ್ಟೆ ಒರೆಸಿ, ನಾಳೆಯ ದೋಸೆಹಿಟ್ಟು ಮುಚ್ಚಿಟ್ಟ ಮೇಲೆ ನಾನು ಲ್ಯಾಪ್‌ಟಾಪ್ ತೆಗೆಯುತ್ತೇನೆ. ಹನ್ನೊಂದೂವರೆಗೆ ಮುಚ್ಚುತ್ತೇನೆ. ಅಷ್ಟೊತ್ತಿಗೆ ಅರ್ಧ ನಿದ್ದೆಯಲ್ಲಿರುವ ಗಂಡ ಮಗ್ಗುಲು ಬದಲಿಸುತ್ತಾ "ಇವತ್ತು ಎಷ್ಟಾಯ್ತು?" ಅಂತ ಕೇಳುತ್ತಾರೆ. "ನಾನ್ನೂರ ಹನ್ನೆರಡು" ಅಂತೀನಿ. "ಇನ್ನೂ ಎಂಬತ್ತೆಂಟು ಬಾಕಿ" ಅಂತ ಲೆಕ್ಕ ಹೇಳಿ ಮತ್ತೆ ಗೊರಕೆ. ಗೋಡೆಯಾಚೆಯವರಿಗೆ ಕೇಳಿಸಿದರೆ ಈ ಮನೆಯಲ್ಲಿ ಚೀಟಿ ವ್ಯವಹಾರ ನಡೀತಿದೆ ಅಂದುಕೊಂಡಾರು.

ಇದು ಪದಗಳ ಲೆಕ್ಕ. ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ ಅಂತ ಈ ಅಂಕಣದಲ್ಲಿ ಹಿಂದೊಮ್ಮೆ ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ಆಮೇಲೆ ಓದುಗರು ಕೇಳೋದು ಒಂದೇ ಪ್ರಶ್ನೆ: ಆಫೀಸು, ಮನೆ, ಮಗು ಇಷ್ಟರ ನಡುವೆ ಬರೆಯೋದು ಯಾವಾಗ, ದಿನಕ್ಕೆ ಎಷ್ಟು? ಉತ್ತರ ಹೇಳೋಕೆ ನಾಚಿಕೆಯಾಗಿ ಇಷ್ಟು ದಿನ ತಪ್ಪಿಸಿಕೊಂಡೆ. ಇವತ್ತು ಹೇಳುತ್ತೇನೆ.

ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ತಾರೀಖು, ಗುರಿ, ಬರೆದದ್ದು, ಒಟ್ಟು. ದಿನದ ಗುರಿ 500 ಪದ. ಮುಟ್ಟಿದರೆ ಆ ಸಾಲು ತಾನಾಗೇ ಹಸಿರಾಗುತ್ತದೆ, ಇಲ್ಲದಿದ್ದರೆ ಕೆಂಪು. ಸಾಫ್ಟ್‌ವೇರಿನವಳು ಸುಮ್ಮನಿರುತ್ತಾಳಾ? ಈ ವೇಗದಲ್ಲಿ ಹೋದರೆ ಕಾದಂಬರಿ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ತೋರಿಸುವ ಗ್ರಾಫನ್ನೂ ಮಾಡಿಟ್ಟಿದ್ದೇನೆ. ಕಾದಂಬರಿಗಿಂತ ಮೊದಲು ಮುಗಿದದ್ದು ಆ ಗ್ರಾಫ್.

ಈ ಹುಚ್ಚು ನನ್ನೊಬ್ಬಳದೇನೂ ಅಲ್ಲ. ಇಂಗ್ಲೆಂಡಿನ ಆಂಥನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಕಾದಂಬರಿಗಳನ್ನು ರಾಶಿ ಹಾಕಿದ ಮನುಷ್ಯ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ದಿನ ದಿನ ಎಷ್ಟು ಪುಟ ಆಯಿತು ಅಂತ ಡೈರಿಯಲ್ಲಿ ಬರೆದಿಡುತ್ತಿದ್ದ. ಇದನ್ನೆಲ್ಲ ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡ. ಅದು ಅವನು ಸತ್ತ ಮೇಲೆ, 1883ರಲ್ಲಿ ಅಚ್ಚಾಯಿತು. ಓದಿದ ಅನೇಕರು ಮೂಗು ಮುರಿದರು. ಕಥೆ ಬರೆಯೋದು ಅಂದರೆ ಚಪ್ಪಲಿ ಹೊಲಿದ ಹಾಗೇನು, ಗಂಟೆ ಲೆಕ್ಕದಲ್ಲಿ? ನನಗೆ ಆ ಪುಸ್ತಕದಲ್ಲಿ ತಟ್ಟಿದ್ದು ಬೇರೆ ವಿಷಯ. ಬೆಳಿಗ್ಗೆ ತನ್ನನ್ನು ಎಬ್ಬಿಸೋದಕ್ಕೇ ಅಂತ ಅವನು ಮನೆಯ ಹಳೇ ಕುದುರೆ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದನಂತೆ. ಆ ಆಳು ಕಾಫಿ ತಂದು ಎಬ್ಬಿಸಬೇಕು. ಕಾಫಿ ಮಾಡಿ ಎಬ್ಬಿಸೋರಿದ್ದರೆ ನಾನೂ ಐದೂವರೆಗೆ ಏಳುತ್ತಿದ್ದೆ ಬಿಡಿ. ನಮ್ಮನೆಯಲ್ಲಿ ಆ ಹೊತ್ತಿಗೆ ಕಾಫಿ ಮಾಡೋಳು ನಾನೇ.

ಹೆಮಿಂಗ್ವೇ ಗೋಡೆಗೆ ಒರಗಿಸಿದ ರಟ್ಟಿನ ಮೇಲೆ ದಿನದ ಪದಸಂಖ್ಯೆ ಬರೆಯುತ್ತಿದ್ದ: 450, 575, 462 ಹೀಗೆ. ಮರುದಿನ ಮೀನು ಹಿಡಿಯಲು ಹೋಗುವ ಆಸೆಯಿದ್ದರೆ ಹಿಂದಿನ ದಿನ ಜಾಸ್ತಿ ಬರೆದಿಡುತ್ತಿದ್ದನಂತೆ, ಮನಸ್ಸಿಗೆ ಚುಚ್ಚಬಾರದು ಅಂತ. ಗ್ರಹಾಂ ಗ್ರೀನ್‌ಗೆ 500. ಸ್ಟೀಫನ್ ಕಿಂಗ್‌ಗೆ 2,000. ಹೊಸಬರಿಗೆ ಅವನು ಹೇಳೋದು 1,000. ಇನ್ನು ಅಮೆರಿಕದಲ್ಲಿ 1999ರಲ್ಲಿ ಶುರುವಾದ ‘ನ್ಯಾನೊರೈಮೊ’ ಅಂತ ಒಂದಿತ್ತು. ನವೆಂಬರ್ ಒಂದೇ ತಿಂಗಳಲ್ಲಿ 50,000 ಪದ ಬರೆಯಬೇಕು. ಅಂದರೆ ದಿನಕ್ಕೆ 1,667. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. 2022ರ ನವೆಂಬರಿನಲ್ಲಿ ನಾನೂ ಕೈ ಹಾಕಿದ್ದೆ. ಒಂಬತ್ತನೇ ದಿನಕ್ಕೆ 15,000 ಆಗಿರಬೇಕಿತ್ತು, ನನ್ನದು 4,100. ಅಲ್ಲಿಗೆ ಕೈ ಎತ್ತಿದೆ.

ಆಗ ನನ್ನದೇ ಸೋಮಾರಿತನ ಅಂದುಕೊಂಡಿದ್ದೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಇನ್ನೊಂದು ವಿಷಯ ಇದೆ ನೋಡಿ. ಈ ಲೆಕ್ಕಗಳೆಲ್ಲ ಇಂಗ್ಲಿಷಿನವು. ಕಂಪ್ಯೂಟರ್ ಪದ ಎಣಿಸೋದು ಹೇಗೆ? ಅದಕ್ಕೆ ಅರ್ಥ ಗಿರ್ಥ ಏನೂ ಗೊತ್ತಿಲ್ಲ. ಎರಡು ಖಾಲಿ ಜಾಗಗಳ ನಡುವೆ ಏನಿದ್ದರೂ ಒಂದು ಪದ, ಅಷ್ಟೇ. ಕನ್ನಡದಲ್ಲಿ ನಾನು "ಹೋಗಲಾರದವಳಂತೆ" ಅಂತ ಬರೆದರೆ ಅದರ ಲೆಕ್ಕದಲ್ಲಿ ಒಂದು. ಇದನ್ನೇ ಇಂಗ್ಲಿಷಿನಲ್ಲಿ ಹೇಳೋಕೆ ಹೋದರೆ "ಲೈಕ್ ಎ ವುಮನ್ ಹೂ ಕುಡ್ ನಾಟ್ ಗೋ", ಏಳು ಪದ! ಅವರ ಒಂಟಕ್ಷರದ ‘ಎ’ ಕೂಡ ಒಂದು ಪದ, ನಮ್ಮ ವಿಭಕ್ತಿ, ಕಾಲ, ನಿಷೇಧ, ಹೋಲಿಕೆ ಎಲ್ಲ ಬಾಲಕ್ಕೆ ಅಂಟಿಕೊಂಡ ಉದ್ದನೆಯ ಪದವೂ ಒಂದು. ಸರಿ, ಪದ ಬೇಡ, ಅಕ್ಷರ ಎಣಿಸೋಣ ಅಂದರೆ ಅದೂ ಎಡವಟ್ಟು. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ. ಯೂನಿಕೋಡಿನ ಪ್ರಕಾರ ಅದು ಸ, ಹಲಂತ, ತ, ಮತ್ತೊಂದು ಹಲಂತ, ರ, ದೀರ್ಘದ ಚಿಹ್ನೆ, ಒಟ್ಟು ಆರು. ಫೈಲಿನಲ್ಲಿ ಉಳಿಸುವಾಗ ಒಂದೊಂದಕ್ಕೂ ಮೂರು ಬೈಟ್, ಹದಿನೆಂಟು. ಆಫೀಸಿನಲ್ಲಿ ಇದನ್ನು ಸಹೋದ್ಯೋಗಿಗಳಿಗೆ ವಿವರಿಸಿ ಬೋರ್ ಹೊಡೆಸಿದ್ದೇನೆ, ನಿಮಗೆ ಇಷ್ಟೇ ಸಾಕು.

ಹಾಗಾಗಿ ಈ ಸಲ ಗುರಿಯನ್ನು 500ಕ್ಕೆ ಇಳಿಸಿಕೊಂಡೆ. ಆದರೂ ಎರಡನೇ ತಿಂಗಳಿಗೆ ಕಳ್ಳಲೆಕ್ಕ ಶುರುವಾಯಿತು. "ಬರುತ್ತಿದ್ದಳು" ಅಂತ ಸರಾಗವಾಗಿ ಬರೆಯುತ್ತಿದ್ದವಳು "ಬರುತ್ತಾ ಇದ್ದಳು" ಅಂತ ಬರೆಯತೊಡಗಿದೆ. ಒಂದರ ಜಾಗದಲ್ಲಿ ಎರಡು ಪದ. "ಹೋಗಿಬಿಟ್ಟ" ಹೋಗಿ "ಹೋಗಿ ಬಿಟ್ಟ" ಆಯಿತು. ಬೇಕೂಂತ ಮಾಡಿದ್ದಲ್ಲ, ಕೈ ತಾನಾಗೇ ಕಲಿತುಬಿಟ್ಟಿತ್ತು. ಕಥೆಯಲ್ಲಿ ಯಾರೇ ಮನೆಗೆ ಬರಲಿ, ಚಪ್ಪಲಿ ಬಿಟ್ಟು, ಕಾಲು ತೊಳೆದು, ಚಾಪೆ ಮೇಲೆ ಕೂತು, ನೀರು ಕುಡಿದು, ಮಳೆ ಬೆಳೆ ವಿಚಾರಿಸಿಯೇ ಮಾತು ಶುರು ಮಾಡುತ್ತಿದ್ದರು. ಒಳ್ಳೇ ಸಂಸ್ಕಾರವಂತರು. ಒಬ್ಬೊಬ್ಬರಿಗೂ ಎಂಬತ್ತು ಪದ.

ಸತತ 43 ದಿನ ಹಸಿರಾಗಿತ್ತು. ನಲವತ್ತನಾಲ್ಕನೇ ದಿನ ಮಗಳಿಗೆ ಜ್ವರ, ನೂರಾಮೂರು. ಹಣೆ ಮೇಲೆ ಒದ್ದೆ ಬಟ್ಟೆ, ಎರಡು ಸಲ ವಾಂತಿ, ಡಾಕ್ಟರಿಗೆ ಫೋನು. ಹನ್ನೊಂದು ಮುಕ್ಕಾಲಿಗೆ ಅವಳು ನನ್ನ ತೊಡೆ ಮೇಲೆ ಕಣ್ಣು ಮುಚ್ಚಿದಳು. ಆಗ ನಾನು ಮಾಡಿದ್ದೇನು ಗೊತ್ತಾ? ಎಡಗೈ ಅವಳ ಬೆನ್ನ ಮೇಲೆ, ಬಲಗೈಯಲ್ಲಿ ಮೊಬೈಲ್ ಹಿಡಿದು, ಹನ್ನೆರಡರೊಳಗೆ ಏನಾದರೂ ಸೇರಿಸಲೇಬೇಕು ಅಂತ ಹೆಬ್ಬೆರಳಲ್ಲಿ ಒತ್ತುತ್ತಿದ್ದೆ. ಮಳೆ ಬರುತ್ತಾ ಇತ್ತು. ಗಾಳಿಯೂ ಬೀಸುತ್ತಾ ಇತ್ತು. ತೆಂಗಿನ ಗರಿಗಳು ಅಲುಗಾಡುತ್ತಾ ಇದ್ದವು. ನೀರಿನ ಲೋಟ ಹಿಡಿದು ಬಂದ ಗಂಡ ಅದನ್ನು ನೋಡಿದರು. ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವತ್ತಿನ ಸಾಲು 62, ಕೆಂಪು.

ಇಷ್ಟಾದರೂ ನಾನು ಶೀಟ್ ಬಿಡಲಿಲ್ಲ. ಬಿಡಿಸಿದ್ದು, ಅಥವಾ ಬದಲಾಯಿಸಿದ್ದು, ಅಮ್ಮ.

ನನ್ನ ಕಾದಂಬರಿ ಅಜ್ಜಿಯದು. ಅಮ್ಮನ ತಾಯಿ. ತಿಪಟೂರು ಕಡೆಯ ಹಳ್ಳಿ, ಅರವತ್ತು ತೆಂಗಿನಮರ, ಮೂವತ್ತೆರಡನೇ ವಯಸ್ಸಿಗೆ ಗಂಡ ಹೋದ, ನಾಲ್ಕು ಮಕ್ಕಳು. ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಅವಳಿದ್ದಾಗ ಕೂತು ಕೇಳಲಿಲ್ಲ, ಈಗ ಕೂತು ಬರೆಯುತ್ತಿದ್ದೇನೆ. ಹದಿನಾಲ್ಕನೇ ಅಧ್ಯಾಯದಲ್ಲಿ ತಾತ ಸಾಯುತ್ತಾರೆ. ಆ ರಾತ್ರಿ ಅಜ್ಜಿ ಒಲೆ ಮುಂದೆ ಕೂತು, ಸತ್ತ ಗಂಡನಿಗೆ ಹೇಳುವಂತೆ ಪುಟಗಟ್ಟಲೆ ಮಾತಾಡುತ್ತಾಳೆ. ಅದನ್ನು ಬರೆಯುವಾಗ ನಾನೇ ಅತ್ತಿದ್ದೆ. ನಾಲ್ಕು ದಿನದಲ್ಲಿ 3,860 ಪದ. ಅದರಲ್ಲಿ ಒಂದೇ ದಿನ 1,240, ನನ್ನ ಶೀಟಿನ ದಾಖಲೆ. ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರಿಗೆ ಕಳಿಸಿದ್ದೆ, ಅಧ್ಯಾಯದ್ದಲ್ಲ, ಶೀಟಿನದು.

ಯುಗಾದಿಗೆ ಊರಿಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ಬೇಳೆ ಆರಿಸುತ್ತಾ ಕೇಳಿದಳು. ಮುಗಿದ ಮೇಲೆ ಮೊರ ಪಕ್ಕಕ್ಕಿಟ್ಟಳು.

"ಚೆನ್ನಾಗೈತೆ ಕಣೇ. ಆದ್ರೆ ಅವ್ವ ಅವತ್ತು ಒಂದು ಮಾತೂ ಆಡ್ಲಿಲ್ಲ."

"ಕಥೆ ಅಲ್ವೇನಮ್ಮ..."

"ಕಥೇನೇ, ಗೊತ್ತು. ಆದ್ರೆ ಇವಳು ಯಾರೋ ಬೇರೆಯೋಳು. ಅವ್ವ ಎಲ್ರೂ ಮಲಗಿದ್ಮೇಲೆ ಬುಡ್ಡಿ ಹಿಡ್ಕೊಂಡು ಅಟ್ಟ ಹತ್ತಿದ್ಲು. ಕಾಯಿ ಎಣಿಸ್ತಾ ಕೂತಿದ್ಲು. ನಂಗೆ ಆಗ ಎಂಟು ವರ್ಷ. ಕೆಳಗೆ ಮಲಗಿದ್ದೋಳಿಗೆ ಕಾಯಿ ಕಾಯಿಗೆ ತಾಕೋ ಸದ್ದು ಕೇಳಿಸ್ತಿತ್ತು. ಬೆಳಗಿನ ಜಾವದ ತನಕ."

ನಮ್ಮ ಕಡೆ ಗೊತ್ತಿಲ್ಲದವರಿಗೆ ಒಂದು ಮಾತು. ಕೊಬ್ಬರಿ ಅಂದರೆ ಕಾಯಿ ಒಡೆದು ಒಣಗಿಸೋದಲ್ಲ. ಬಲಿತ ಕಾಯನ್ನು ಇಡಿಯಾಗಿ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಲೊಡಲೊಡ ಅನ್ನುತ್ತದೆ. ಆಮೇಲೆ ಸುಲಿದು ಒಡೆದು ತಿಪಟೂರು ಮಾರುಕಟ್ಟೆಗೆ. ಅಟ್ಟದಲ್ಲಿರುವ ಕಾಯಿ ಎಷ್ಟೋ, ಮುಂದಿನ ವರ್ಷದ ಅನ್ನ ಅಷ್ಟು. ಮೂವತ್ತೆರಡು ವರ್ಷದ ಹೆಂಗಸು ಆ ರಾತ್ರಿ ತನ್ನ ಹತ್ತಿರ ಏನುಳಿದಿದೆ ಅಂತ ನೋಡುತ್ತಿದ್ದಳು. ಒಲೆ ಮುಂದೆ ಭಾಷಣ ಮಾಡಿದ್ದು ನಾನು, ಅವಳಲ್ಲ.

ಬೆಂಗಳೂರಿಗೆ ವಾಪಸ್ ಬಂದು ಆ ಅಧ್ಯಾಯ ಅಳಿಸಬೇಕಿತ್ತಲ್ಲ, ಹತ್ತೊಂಬತ್ತು ದಿನ ಅಳಿಸಲಿಲ್ಲ. ಅದು ಸುಳ್ಳು ಅಂತ ಗೊತ್ತು. ಆದರೆ ತೆಗೆದರೆ 31,420 ಇದ್ದ ಒಟ್ಟು 27,560ಕ್ಕೆ ಇಳಿಯುತ್ತದೆ. ಮುಗಿಯುವ ತಾರೀಖು ಮುಂದಕ್ಕೆ ಹೋಗುತ್ತದೆ. ನನ್ನ ಅತ್ಯಂತ ಹಸಿರು ದಿನ ಸುಳ್ಳಾಗುತ್ತದೆ. ಬೇರೆ ಬೇರೆ ಉಪಾಯ ಯೋಚಿಸಿದೆ: ಅಜ್ಜಿಯ ಕನಸಿನಲ್ಲಿ ಆಡಿದ ಮಾತು ಅಂತ ಮಾಡಿದರೆ? ಬೇರೆ ಪಾತ್ರದ ಬಾಯಿಗೆ ಹಾಕಿದರೆ? ಆಫೀಸಿನಲ್ಲಿ ಕೆಲಸಕ್ಕೆ ಬಾರದ ಕೋಡ್ ತೆಗೆದು ಬಿಸಾಕಿದವರನ್ನು ನಾವೇ ಹೊಗಳುತ್ತೇವೆ. ಸಾವಿರ ಸಾಲು ಅಳಿಸಿದೆ ಅಂದರೆ ಚಪ್ಪಾಳೆ. ಬರೆದ ಸಾಲುಗಳ ಲೆಕ್ಕದಲ್ಲಿ ಇಂಜಿನಿಯರನ್ನು ಅಳೆಯೋದು ಪೆದ್ದತನ ಅಂತ ನಾನೇ ಹೊಸ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಮನೆಗೆ ಬಂದು ಅದನ್ನೇ ಮಾಡುತ್ತಿದ್ದೆ.

ಕೊನೆಗೊಂದು ರಾತ್ರಿ ಅಳಿಸಿದೆ. ನನ್ನ ಶೀಟಿಗೆ ಮೈನಸ್ ಗೊತ್ತೇ ಇರಲಿಲ್ಲ, ಗ್ರಾಫ್ ತಲೆಕೆಳಗಾಯಿತು. "ಇವತ್ತು ಎಷ್ಟಾಯ್ತು?" ಅಂದರು ಗಂಡ. "ಮೈನಸ್ ಮೂರು ಸಾವಿರದ ಎಂಟುನೂರ ಅರವತ್ತು" ಅಂದೆ. ಎದ್ದು ಕೂತೇಬಿಟ್ಟರು. ಪಾಪ, ಫೈಲ್ ಹೋಯ್ತು ಅಂದುಕೊಂಡರಂತೆ.

ಈಗ ಕೇಳಿದವರಿಗೆ ಉತ್ತರ. ಲೆಕ್ಕ ಇಡಬೇಡಿ ಅಂತ ನಾನು ಹೇಳೋದಿಲ್ಲ. ಲೆಕ್ಕ ಇಲ್ಲದಿದ್ದ ಐದು ವರ್ಷ ನಾನು ಬರೆದದ್ದು ಹನ್ನೊಂದು ಪುಟ, ಅದರಲ್ಲಿ ಎರಡು ಪುಟ ಅರ್ಪಣೆ. ಕೆಂಪು ಸಾಲಿನ ಭಯ ನನ್ನನ್ನು ಕೂರಿಸಿದ್ದು ನಿಜ. ಹಾಗಂತ ವಯಸ್ಸಾಗುತ್ತಿದೆ ಅಂತ ಗಾಬರಿಯೂ ಬೇಡ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ನನ್ನ ಶೀಟಿನಲ್ಲಿ ಈಗ ಗುರಿ ಅಂತ ಇರೋದು 40 ನಿಮಿಷ, ಪದ ಅಲ್ಲ. ಪಕ್ಕದಲ್ಲಿ ‘ಸೇರಿಸಿದ್ದು’, ‘ತೆಗೆದದ್ದು’ ಅಂತ ಎರಡು ಕಾಲಂ. ಎರಡರಲ್ಲಿ ಯಾವುದು ತುಂಬಿದರೂ ಸಾಲು ಹಸಿರು. ಮಗುವಿಗೆ ಹುಷಾರಿಲ್ಲದ ದಿನ ಬೂದು ಬಣ್ಣ, ಅವತ್ತಿನ ಲೆಕ್ಕ ಯಾರೂ ಕೇಳೋ ಹಾಗಿಲ್ಲ. ಕೊನೆ ತಾರೀಖಿನ ಗ್ರಾಫ್ ತೆಗೆದೆ. ನಿಜ ಹೇಳಬೇಕೆಂದರೆ ಪೂರ್ತಿ ತೆಗೆದಿಲ್ಲ, ಬೇರೆ ಶೀಟಿಗೆ ಸರಿಸಿದ್ದೇನೆ. ಆಗಾಗ ಹೋಗಿ ನೋಡುತ್ತೇನೆ.

ಹೊಸ ಹದಿನಾಲ್ಕನೇ ಅಧ್ಯಾಯಕ್ಕೆ ಮೂರು ವಾರ ಹಿಡಿಯಿತು. 610 ಪದ. ಅದಕ್ಕಾಗಿ ಅಮ್ಮನಿಗೆ ಮಾಡಿದ ಫೋನುಗಳೇ ಎಂಟೋ ಹತ್ತೋ. ಅಟ್ಟದಲ್ಲಿ ಕಾಯಿ ಎಣಿಸೋದು ಹೇಗಮ್ಮ? ಎರಡು ಕೈಲಿ ಎರಡೆರಡೇ ಎತ್ತಿ ಆಚೆ ಬದಿಗೆ ಇಡೋದು, ನೂರಾದಾಗ ಲೆಕ್ಕಕ್ಕೆ ಅಂತ ಒಂದು ಕಾಯಿ ಬೇರೆ ಇಡೋದು. ಅವತ್ತು ಎಷ್ಟಿತ್ತು? ಅಮ್ಮನಿಗೆ ಅದು ಗೊತ್ತಿಲ್ಲ. ಅಜ್ಜಿ ಎಣಿಸಿದ್ದನ್ನೇ ಮತ್ತೆ ಈ ಬದಿಗೆ ಎಣಿಸುತ್ತಿದ್ದಳು ಅನ್ನೋದಷ್ಟೇ ನೆನಪು. ಅಧ್ಯಾಯದಲ್ಲೂ ಅಷ್ಟೇ ಇದೆ. ಯಾರೂ ಮಾತಾಡುವುದಿಲ್ಲ.

ಮೊನ್ನೆ ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ನೀಲಿ ಗೆರೆ ಬಂದು ಒಂದೂವರೆ ದಿನ ಸುದ್ದಿಯೇ ಇಲ್ಲ. ನನಗೆ ಆಫೀಸಿನಲ್ಲಿ ಮೀಟಿಂಗ್ ತಲೆಗೆ ಹತ್ತಲಿಲ್ಲ. ನಿನ್ನೆ ಸಂಜೆ ಧ್ವನಿ ಸಂದೇಶ ಬಂತು, ಹಿಂದೆ ಕುಕ್ಕರ್ ಕೂಗುತ್ತಿತ್ತು. "ಏಣಿ ಅಟ್ಟದ ಎಡಗಡೆ ಇತ್ತು ಕಣೇ. ನೀನು ಬಲಗಡೆ ಅಂತ ಬರ್ದಿದೀಯ."

ಅಷ್ಟೇ ಅಂದಿದ್ದು. ಸರಿಮಾಡಿದೆ. ನಿನ್ನೆಯ ಸಾಲು: ಸೇರಿಸಿದ್ದು 1, ತೆಗೆದದ್ದು 1.